ಗಾಳಿ ಪರೀಕ್ಷೆಗೆ ಮೂರು ಲ್ಯಾಬು, ಒಂದು ಖಾಲಿ ಟ್ಯೂಬು

ಮೇಲಿನ ರೂಮಿಗೆ ವಾರ್ಡ್‌ರೋಬ್ ಮಾಡಿಸಿ ಎರಡು ತಿಂಗಳಾಗಿತ್ತು. ಬಾಗಿಲು ತೆಗೆದರೆ ಸಾಕು, ಈರುಳ್ಳಿ ಹೆಚ್ಚಿದ ಹಾಗೆ ಕಣ್ಣು ಉರಿ. ಬೆಂಗಳೂರಿಂದ ಶನಿವಾರ ಬಂದ ಸೊಸೆ ಒಂದು ರಾತ್ರಿ ಅಲ್ಲಿ ಮಲಗಿದಳು. ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಕೆಳಗೆ ಬಂದವಳೇ, "ಮಾವ, ಆ ರೂಮಲ್ಲಿ ಏನೋ ಇದೆ. ಇವಳು ರಾತ್ರಿಯೆಲ್ಲ ಕೆಮ್ಮಿದಳು" ಅಂದಳು. ಕಾರ್ಪೆಂಟರಿಗೆ ಫೋನ್ ಮಾಡಿದರೆ, "ಹೊಸ ಮರ ಅಲ್ವಾ ಸಾರ್, ವಾಸನೆ ಇರುತ್ತೆ, ಹೋಗುತ್ತೆ" ಅಂದ.

ಮರ ಎಲ್ಲಿಂದ ಬಂತು? ಅದು ಎಂಡಿಎಫ್ ಬೋರ್ಡು. ಮರದ ನಾರಿಗೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಹಾಕಿ, ಬಿಸಿಯಲ್ಲಿ ಒತ್ತಿ ಮಾಡಿದ್ದು. ಫಾರ್ಮಾಲ್ಡಿಹೈಡ್ ವಾಸನೆಯನ್ನು ನನಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾಲೇಜಿನಲ್ಲಿ ಜುವಾಲಜಿಯವರ ಕಪ್ಪೆ, ಹಾವಿನ ಜಾಡಿಗಳಿಗೆ ಫಾರ್ಮಾಲಿನ್ (ಫಾರ್ಮಾಲ್ಡಿಹೈಡನ್ನು ನೀರಿನಲ್ಲಿ ಕರಗಿಸಿದ್ದು) ಸುರಿಯೋಕೆ ಅವರ ಅಟೆಂಡರ್ ರಜೆ ಹಾಕಿದಾಗಲೆಲ್ಲ ನನ್ನನ್ನೇ ಕರೆಯುತ್ತಿದ್ದರು.

ಹೌದು, ನಾನು ಮೈಸೂರಿನ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ 31 ವರ್ಷ ಇದ್ದವನು. ಲೆಕ್ಚರರ್ ಅಲ್ಲ, ಅಟೆಂಡರ್. ಬ್ಯೂರೆಟ್ ತೊಳೆಯೋದು, ದ್ರಾವಣ ಮಾಡಿಡೋದು, ಒಡೆದ ಪಿಪೆಟ್ಟಿನ ಲೆಕ್ಕ ಬರೆಯೋದು, ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಸಾಲ್ಟ್ ಪೊಟ್ಟಣ ಕಟ್ಟೋದು. ಹಾಗಾಗಿ ಇದು ಅಟೆಂಡರ್ ಕಣ್ಣಿನ ರಿವ್ಯೂ. ಯಾರ ಹತ್ತಿರ ಎಷ್ಟು ಬೆಲೆಯ ಮೆಷಿನ್ ಇದೆ ಅಂತ ನಾನು ನೋಡಲಿಲ್ಲ. ಬಾಟಲಿ ಮೇಲೆ ತೆರೆದ ತಾರೀಕು ಬರೆದಿದ್ದಾರಾ, ಟ್ಯೂಬಿನ ಮುಚ್ಚಳ ಬಿಚ್ಚಿ ಎಲ್ಲಿಟ್ಟರು, ಇಂಥದ್ದನ್ನು ನೋಡಿದೆ. ಯಾರ ಹೆಸರನ್ನೂ ಹಾಕುತ್ತಿಲ್ಲ. ಒಂದೆರಡು ಸಲದ ಅನುಭವಕ್ಕೆ ಯಾರ ಹೊಟ್ಟೆ ಮೇಲೂ ಹೊಡೆಯೋದು ಬೇಡ.

"ಟೆಸ್ಟ್ ಮಾಡಿಸೋಣ ಅಪ್ಪ, ದುಡ್ಡು ನಾನು ಕೊಡ್ತೀನಿ" ಅಂದ ಮಗ. ಎಲ್ಲಿ ಮಾಡಿಸೋದು? ನನ್ನ ಭಾಮೈದ ಥಟ್ಟನೆ, "ಸಿಎಫ್‌ಟಿಆರ್‌ಐಗೆ ಕೊಡಿ ಭಾವ" ಅಂದ. ಮೈಸೂರಿನವರಿಗೆ ಟೆಸ್ಟ್ ಅಂದರೆ ಆ ಸಂಸ್ಥೆ ಇರುವ ಚೆಲುವಾಂಬ ಮ್ಯಾನ್ಶನ್ನೇ ಕಣ್ಣ ಮುಂದೆ ಬರೋದು. "ಅಲ್ಲಿ 1950ರಿಂದ ನಡೀತಿರೋದು ತಿನ್ನೋ ಪದಾರ್ಥದ ಕೆಲಸ ಕಣಯ್ಯ. ನಮ್ಮ ವಾರ್ಡ್‌ರೋಬನ್ನು ಯಾರೂ ತಿನ್ನಲ್ಲ" ಅಂದೆ. ಆಮೇಲೆ ಹುಡುಕಿ ಹುಡುಕಿ ಮೂರು ಕಡೆ ಮಾಡಿಸಿದ್ದಾಯಿತು.

ಮೊದಲು ಬಂದದ್ದು ಮೀಟರಿನವರು. ಲ್ಯಾಬ್ ಅಂತಲೇ ಹೇಳಿಕೊಳ್ಳುತ್ತಾರೆ. ಲ್ಯಾಬು ಎಲ್ಲಿದೆ ಅಂತ ಕೇಳಿದರೆ, "ಇದೇ ಸರ್" ಅಂತ ಕೈಯಲ್ಲಿದ್ದ ಡಬ್ಬಿ ತೋರಿಸಿದ ಹುಡುಗ. ಫೀಸು 1,200 ರೂಪಾಯಿ. ಡಬ್ಬಿ ಕೆಟ್ಟದ್ದೇನಲ್ಲ. ಒಳಗೊಂದು ಯುವಿ ದೀಪ ಇರುತ್ತೆ. ಗಾಳಿಯಲ್ಲಿರುವ ಆವಿಯ ಮೇಲೆ ಆ ಬೆಳಕು ಬಿದ್ದು, ಎಲೆಕ್ಟ್ರಾನ್ ಕಿತ್ತುಬಂದರೆ ಮೀಟರಿನಲ್ಲಿ ಅಂಕಿ ಏರುತ್ತೆ. ಫ್ಯಾಕ್ಟರಿಯಲ್ಲಿ ಎಲ್ಲಾದರೂ ಥಿನ್ನರ್ ಸೋರುತ್ತಿದೆಯಾ ಅಂತ ಮೂಸಿ ಹಿಡಿಯೋಕೆ ಇದಕ್ಕಿಂತ ಒಳ್ಳೇದು ಇಲ್ಲ. ಆದರೆ ಏನೋ ಇದೆ ಅನ್ನುತ್ತೆ ಹೊರತು ಏನಿದೆ ಅಂತ ಹೇಳಲ್ಲ.

ಅವನು ಹಾಲ್‌ನಲ್ಲಿ ನಿಂತು ಮೀಟರ್ ಆನ್ ಮಾಡಿದ್ದಕ್ಕೂ, ನನ್ನ ಹೆಂಡತಿ ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟಿದ್ದಕ್ಕೂ ಸರಿಹೋಯಿತು. 0.4 ಇದ್ದದ್ದು 1.9ಕ್ಕೆ ಹಾರಿತು. ಹುಡುಗ ಗಾಬರಿಯಾಗಿ ಬರೆದುಕೊಂಡ. ಮೇಲೆ ಹೋಗಿ ವಾರ್ಡ್‌ರೋಬ್ ಬಾಗಿಲು ತೆಗೆದರೆ 0.6. ಅವನ ಕಣ್ಣಲ್ಲೇ ನೀರು ಬರುತ್ತಿತ್ತು, ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಲೇ ಫಾರಂನಲ್ಲಿ ಫಾರ್ಮಾಲ್ಡಿಹೈಡ್ ಅನ್ನೋ ಸಾಲಿನ ಮುಂದೆ "ಇಲ್ಲ" ಅಂತ ಬರೆದ. ಡಬ್ಬಿ ಹಿಂದೆ 10.6 ಎಲೆಕ್ಟ್ರಾನ್ ವೋಲ್ಟ್ ದೀಪ ಅಂತ ಚೀಟಿ ಅಂಟಿಸಿತ್ತು. ಫಾರ್ಮಾಲ್ಡಿಹೈಡ್‌ನಿಂದ ಎಲೆಕ್ಟ್ರಾನ್ ಕೀಳೋಕೆ ಸುಮಾರು 10.9 ಬೇಕು. ಅಂದರೆ ಆ ದೀಪಕ್ಕೆ ಅದು ಕಾಣಿಸೋದೇ ಇಲ್ಲ. ರೂಮಿನ ತುಂಬ ಫಾರ್ಮಾಲಿನ್ ಚೆಲ್ಲಿದ್ದರೂ "ಇಲ್ಲ" ಅಂತಲೇ ಬರೆಯುತ್ತಿದ್ದ.

ಕೊನೆಗೆ 38,000 ರೂಪಾಯಿಯ ಏರ್ ಪ್ಯೂರಿಫೈಯರ್ ಪುಸ್ತಕ ತೆಗೆದ. ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದ ನನ್ನ ಹೆಂಡತಿ, "ನಿಮ್ಮ ಮೀಟರಿಗೆ ನಮ್ಮನೆ ಇಂಗು ಗೊತ್ತಾಗತ್ತೆ, ವಾರ್ಡ್‌ರೋಬ್ ಗೊತ್ತಾಗಲ್ವೇನಪ್ಪ?" ಅಂದಳು. ಈ ಸೇವೆಯ ಬಗ್ಗೆ ನಾನು ಇದಕ್ಕಿಂತ ಜಾಸ್ತಿ ಬರೆಯಬೇಕಾಗಿಲ್ಲ.

ಎರಡನೆಯದು ಊರಿನದೇ, ನಿಜವಾದ ಲ್ಯಾಬು. ಕಾರ್ಖಾನೆಗಳ ಚಿಮಣಿ, ಜನರೇಟರ್ ಹೊಗೆ, ಬೋರ್‌ವೆಲ್ ನೀರು, ಇವರ ನಿತ್ಯದ ಕೆಲಸ ಇದು. ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇದೆ. ಇಲ್ಲಿ ಒಂದು ಮಾತು. ಗೋಡೆ ಮೇಲೆ ಎನ್‌ಎಬಿಎಲ್ ಸರ್ಟಿಫಿಕೇಟ್ ನೇತುಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ಮಾನ್ಯತೆ ಕೊಡೋದು ಇಡೀ ಲ್ಯಾಬಿಗೆ ಅಲ್ಲ, ಒಂದೊಂದು ಟೆಸ್ಟಿಗೆ. ಯಾವ ವಸ್ತು, ಯಾವ ವಿಧಾನ, ಎಷ್ಟರಿಂದ ಎಷ್ಟರವರೆಗೆ ಅಂತ ಪಟ್ಟಿ ಇರುತ್ತೆ. ಅದನ್ನು ಸ್ಕೋಪ್ ಅನ್ನುತ್ತಾರೆ. ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಪಟ್ಟಿಯಲ್ಲಿ ಇಲ್ಲದ ಟೆಸ್ಟಿನ ರಿಪೋರ್ಟಿಗೆ ಆ ಚಿಹ್ನೆ ಹಾಕುವ ಹಾಗಿಲ್ಲ. ಇವರ ಪಟ್ಟಿಯಲ್ಲಿ ಪೆಟ್ರೋಲ್, ಪೇಂಟಿನಂಥವುಗಳಿಂದ ಏಳುವ ಬೆಂಜೀನ್, ಟಾಲುಯೀನ್ ಆವಿ ಇತ್ತು. ಫಾರ್ಮಾಲ್ಡಿಹೈಡ್ ಇರಲಿಲ್ಲ.

ಸ್ಯಾಂಪಲ್ ತೆಗೆಯೋಕೆ ಬಂದ ಹುಡುಗ ಮಾತ್ರ, "ಅದನ್ನೂ ಇದೇ ಟ್ಯೂಬಲ್ಲಿ ಮಾಡಿಬಿಡ್ತೀವಿ ಸರ್" ಅಂದ. ನಾನು ಅಲ್ಲೇ ಅವನ ಆಫೀಸಿಗೆ ಫೋನ್ ಹಚ್ಚಿದೆ. ಎತ್ತಿದ್ದು ಅನಲಿಸ್ಟ್ ಹುಡುಗಿ. "ಇಲ್ಲ ಸರ್, ಇದ್ದಿಲಿನ ಟ್ಯೂಬಲ್ಲಿ ಫಾರ್ಮಾಲ್ಡಿಹೈಡ್ ಆಗಲ್ಲ. ನಮ್ಮಲ್ಲಿ ಅದು ಇಲ್ಲ" ಅಂದಳು. ಇಲ್ಲ ಅನ್ನೋದನ್ನು ಇಲ್ಲ ಅಂತ ಹೇಳಿದ್ದಕ್ಕೆ ಅವಳ ಮೇಲೆ ಅವತ್ತೇ ಒಂದು ಗೌರವ ಬಂತು. ಸರಿ, ಬೆಂಜೀನ್ ಮತ್ತು ಅದರ ಅಣ್ಣತಮ್ಮಂದಿರನ್ನಾದರೂ ನೋಡೋಣ, ಕೆಳಗಡೆ ಸ್ಕೂಟರ್ ಬೇರೆ ನಿಲ್ಲುತ್ತೆ ಅಂದುಕೊಂಡೆ.

ಟ್ಯೂಬ್ ಅಂದರೆ ಬೆರಳಿಗಿಂತ ತೆಳುವಾದ ಗಾಜಿನ ಕೊಳವೆ. ಒಳಗೆ ತೆಂಗಿನ ಚಿಪ್ಪಿನ ಇದ್ದಿಲು, ಮುಂದೆ 100 ಮಿಲಿಗ್ರಾಂ, ಹಿಂದೆ 50 ಮಿಲಿಗ್ರಾಂ, ನಡುವೆ ಒಂದು ತಡಿಕೆ. ಎರಡೂ ತುದಿ ಕರಗಿಸಿ ಮುಚ್ಚಿರುತ್ತೆ. ತುದಿ ಮುರಿದು ಪಂಪಿಗೆ ಸಿಕ್ಕಿಸಿದರೆ ಗಾಳಿ ಇದ್ದಿಲಿನ ಮೂಲಕ ಹೋಗುತ್ತೆ, ಆವಿ ಅಲ್ಲೇ ಅಂಟಿಕೊಳ್ಳುತ್ತೆ. ಆವಿ ಜಾಸ್ತಿಯಾಗಿ ಮುಂದಿನ ಇದ್ದಿಲು ತುಂಬಿಹೋದರೆ ಹಿಂದಿನದರಲ್ಲಿ ಸಿಕ್ಕಿಬೀಳುತ್ತೆ. ಹಿಂದಿನದರಲ್ಲಿ ಮುಂದಿನದರ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಕಂಡರೆ ಆ ಸ್ಯಾಂಪಲ್ ನಂಬೋ ಹಾಗಿಲ್ಲ. ಚೆಂದದ ಉಪಾಯ. ಈ ಲ್ಯಾಬಿನವರು ರಿಪೋರ್ಟಿನಲ್ಲಿ ಎರಡನ್ನೂ ಬೇರೆ ಬೇರೆ ಬರೆದಿದ್ದರು. ಅದು ಮೆಚ್ಚಬೇಕಾದ್ದೇ.

ಮೆಚ್ಚಲಾಗದ್ದೂ ಇತ್ತು. ಹುಡುಗ ಜೇಬಿನಿಂದ ದಪ್ಪ ಮಾರ್ಕರ್ ಪೆನ್ ತೆಗೆದು ಟ್ಯೂಬಿನ ಮೇಲೇ ನಂಬರ್ ಬರೆದ. ಆ ಪೆನ್ನಿನ ಶಾಯಿ ಒಣಗುವಾಗ ಮೂಗಿಗೆ ಬಡಿಯುತ್ತಲ್ಲ, ಅದೇ ತಾನೇ ನಾವು ಹುಡುಕೋಕೆ ಹೊರಟಿರೋದು? ಪೊಲೀಸಿನವನೇ ಕಳ್ಳನ ಚೀಲ ಹೊತ್ತುಕೊಂಡು ಬಂದ ಹಾಗಾಯಿತು. ಪಂಪಿನ ವೇಗವನ್ನು ಶುರುವಿನಲ್ಲಿ ನೋಡಿದ, ನಿಮಿಷಕ್ಕೆ 100 ಮಿಲಿಲೀಟರ್. ನಾಲ್ಕು ಗಂಟೆ ಓಡಬೇಕು. ಅವನಿಗೆ ನಂಜನಗೂಡಿನಲ್ಲಿ ಇನ್ನೊಂದು ಕೆಲಸ. "ಸರ್, ನೀವು ಲ್ಯಾಬಲ್ಲೇ ಇದ್ದವರು ಅಲ್ವಾ, ಇನ್ನೊಂದು ಟ್ಯೂಬ್ ಇಟ್ಟಿರ್ತೀನಿ, ಹಾಲ್‌ನದು ನೀವೇ ತೆಗೆದುಬಿಡಿ, ಸಂಜೆ ಬಂದು ಒಯ್ತೀನಿ" ಅಂತ ಬೈಕ್ ಹತ್ತಿದ.

ಆಗ ನನ್ನ ತಲೆಯಲ್ಲಿ ಹಳೇ ಹುಳ ಎದ್ದಿತು.

ಟೈಟ್ರೇಷನ್ ಮಾಡಿದವರಿಗೆಲ್ಲ ಬ್ಲಾಂಕ್ ಗೊತ್ತು. ಸ್ಯಾಂಪಲ್ ಹಾಕದೇ, ಉಳಿದದ್ದೆಲ್ಲ ಹಾಕಿ, ಅದೇ ರೀತಿ ಮಾಡಿ ನೋಡೋದು. ಬರಬಾರದ್ದು ಏನಾದರೂ ಬಂದರೆ ಅದು ನಮ್ಮ ಬಾಟಲಿಯದು, ನಮ್ಮ ನೀರಿನದು, ನಮ್ಮ ಕೈಯದು. ನಮ್ಮ ಪ್ರೊಫೆಸರೊಬ್ಬರು ಒಮ್ಮೆ ಒಬ್ಬ ವಿದ್ಯಾರ್ಥಿಗೆ ಸಾಲ್ಟ್ ದ್ರಾವಣ ಅಂತ ಬರೀ ಡಿಸ್ಟಿಲ್ಡ್ ವಾಟರ್ ಕೊಡಿಸಿದ್ದರು. ತುಂಬಿ ಕೊಟ್ಟವನು ನಾನೇ. ಅವನು "ಕ್ಲೋರೈಡ್ ಇದೆ" ಅಂತ ಬರೆದಿದ್ದ. ಕೇಳಿದರೆ, ಪಕ್ಕದವನಿಗೆ ಬಂದಿತ್ತಂತೆ.

ಎರಡನೇ ಟ್ಯೂಬಿನ ಎರಡೂ ತುದಿ ಮುರಿದೆ. ತಕ್ಷಣ ಪ್ಲಾಸ್ಟಿಕ್ ಮುಚ್ಚಳ ಹಾಕಿದೆ. ಪಂಪಿಗೆ ಸಿಕ್ಕಿಸಲೇ ಇಲ್ಲ. ಒಂದು ತೊಟ್ಟು ಗಾಳಿ ಎಳೆಯದ ಆ ಟ್ಯೂಬಿನ ಚೀಟಿಯಲ್ಲಿ "ಹಾಲ್, 24 ಲೀಟರ್" ಅಂತ ಬರೆದೆ. "ಇದು ಮೋಸ ಅಲ್ವೇನ್ರೀ?" ಅಂದಳು ನನ್ನವಳು. ಪರೀಕ್ಷೆ ಅಂದೆ. "ಎರಡಕ್ಕೂ ಏನು ವ್ಯತ್ಯಾಸ?" ಅಂದಳು. ಉತ್ತರ ಹೊಳೆಯಲಿಲ್ಲ. ಆದರೂ ಕಳಿಸಿದೆ.

ಎಂಟನೇ ದಿನ ರಿಪೋರ್ಟ್ ಬಂತು. ಮೇಲಿನ ರೂಮು, ಒಂದು ಘನ ಮೀಟರ್ ಗಾಳಿಯಲ್ಲಿ ಬೆಂಜೀನ್ 38 ಮೈಕ್ರೋಗ್ರಾಂ. ಹಾಲ್, 34 ಮೈಕ್ರೋಗ್ರಾಂ. ಹಾಲ್‌ನ ಗಾಳಿ ಕುಡಿಯದ ಟ್ಯೂಬಿನಲ್ಲಿ ಹಾಲ್‌ನ ಬೆಂಜೀನ್! ಟಾಲುಯೀನ್ ಮಾತ್ರ ರೂಮಿನ ಟ್ಯೂಬಿನಲ್ಲಿ 71, ಖಾಲಿಯದರಲ್ಲಿ ಏನೂ ಇಲ್ಲ. ಹಾಗಾದರೆ ಟ್ಯೂಬುಗಳು ಅದಲುಬದಲಾಗಿಲ್ಲ. ಬೆಂಜೀನ್ ಬೇರೆಲ್ಲಿಂದಲೋ ಬಂದಿದೆ.

ಎಲ್ಲಿಂದ ಅಂತ ತಿಳಿಯೋಕೆ ಇವರು ಟ್ಯೂಬನ್ನು ಏನು ಮಾಡುತ್ತಾರೆ ಅನ್ನೋದು ಗೊತ್ತಿರಬೇಕು. ಇದ್ದಿಲನ್ನು ಒಂದು ಪುಟ್ಟ ಶೀಶೆಗೆ ಸುರಿದು, ಒಂದು ಮಿಲಿಲೀಟರ್ ಕಾರ್ಬನ್ ಡೈಸಲ್ಫೈಡ್ ಹಾಕಿ ನೆನೆಸುತ್ತಾರೆ. ಅಂಟಿಕೊಂಡ ಆವಿ ಅದರಲ್ಲಿ ಬಿಡುತ್ತೆ. ಆ ದ್ರಾವಣದ ಒಂದು ಹನಿಯ ಒಂದು ಚೂರನ್ನು ಗ್ಯಾಸ್ ಕ್ರೊಮಾಟೋಗ್ರಾಫ್ ಅನ್ನೋ, ಬೆರೆತ ಆವಿಗಳನ್ನು ಬೇರೆ ಬೇರೆ ಮಾಡಿ ಅಳೆಯೋ ಮೆಷಿನ್ನಿಗೆ ಚುಚ್ಚುತ್ತಾರೆ. ಕಾರ್ಬನ್ ಡೈಸಲ್ಫೈಡ್‌ನಲ್ಲಿ ಬೆಂಜೀನ್ ಕಲಬೆರಕೆ ಇರೋದು ಹೊಸ ಸುದ್ದಿಯಲ್ಲ. ಅದಕ್ಕೇ ಬೆಂಜೀನ್ ಕಡಿಮೆ ಇರುವ ಬಾಟಲಿಯನ್ನೇ ನೋಡಿ ತರಬೇಕು, ಪ್ರತಿ ಸಲ ಖಾಲಿ ಟ್ಯೂಬ್ ಒಂದನ್ನು ಜೊತೆಗೇ ಓಡಿಸಿ ಕಳೆಯಬೇಕು. ನಾನು ಲ್ಯಾಬಿಗೆ ಹೋದೆ. ಫ್ಯೂಮ್ ಕಬೋರ್ಡಿನಲ್ಲಿ ಬಾಟಲಿ ಅರ್ಧ ಆಗಿತ್ತು. ತೆರೆದ ತಾರೀಕು ಇರಲಿಲ್ಲ. ಬ್ಲಾಂಕ್ ಓಡಿಸಿದಿರಾ ಅಂದರೆ ಮ್ಯಾನೇಜರು, "ಸರ್, ನಮ್ಮ ಮೆಷಿನ್ ಇಂಪೋರ್ಟೆಡ್" ಅಂದರು. ಕೇಳಿದ್ದು ಮಜ್ಜಿಗೆ, ಕೊಟ್ಟಿದ್ದು ಚೊಂಬಿನ ವರ್ಣನೆ.

ಇನ್ನೊಂದು ಲೆಕ್ಕವೂ ಇತ್ತು. ಒಂದು ಟ್ಯೂಬಿನಲ್ಲಿ ನಿಮಗೆ ಕಾಣೋ ಕನಿಷ್ಠ ಬೆಂಜೀನ್ ಎಷ್ಟು ಅಂದೆ. ಅರ್ಧ ಮೈಕ್ರೋಗ್ರಾಂ ಅಂದಳು ಅನಲಿಸ್ಟ್ ಹುಡುಗಿ. 24 ಲೀಟರ್ ಗಾಳಿಗೆ ಅರ್ಧ ಮೈಕ್ರೋಗ್ರಾಂ ಅಂದರೆ ಘನ ಮೀಟರಿಗೆ ಹತ್ತಿರ ಹತ್ತಿರ 21. ನಮ್ಮ ದೇಶದಲ್ಲಿ 2009ರ ನವೆಂಬರಿನಲ್ಲಿ ಹೊರಗಿನ ಗಾಳಿಗೆ ಹಾಕಿದ ಬೆಂಜೀನ್ ಮಿತಿ ವರ್ಷದ ಸರಾಸರಿ 5. ಅಂದರೆ 5ರ ನಾಲ್ಕು ಪಟ್ಟು ಇದ್ದರೂ ಈ ವಿಧಾನಕ್ಕೆ ಕಾಣಲ್ಲ. ಇದು ಕಾರ್ಖಾನೆಯೊಳಗಿನ ಗಾಳಿಗೆ ಮಾಡಿದ ವಿಧಾನ. ಪೇಂಟ್ ಅಂಗಡಿ, ಪಾಲಿಶ್ ರೂಮಿಗೆ ಸರಿ. ಮಲಗೋ ಕೋಣೆಗೆ ಅಂದರೆ ಈರುಳ್ಳಿ ಮಂಡಿಯ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. ಇದನ್ನು ಅವರು ಮೊದಲೇ ಹೇಳಬೇಕಿತ್ತು. ಜಿಎಸ್‌ಟಿ ಸೇರಿ 6,136 ರೂಪಾಯಿ ಹೋಯಿತು. ಖಾಲಿ ಟ್ಯೂಬಿನ ಬಗ್ಗೆ ಒಂದು ಕಾಗದ ಬರೆದುಕೊಟ್ಟು ಬಂದೆ.

ಮೂರನೆಯದು ಬೆಂಗಳೂರಿನದು. ಇವರು ಮೊದಲು ದುಡ್ಡಿನ ಮಾತು ಆಡಲಿಲ್ಲ, ಪ್ರಶ್ನೆ ಕೇಳಿದರು. ವಾರ್ಡ್‌ರೋಬ್ ಯಾವಾಗ ಮಾಡಿಸಿದ್ದು? ಪೇಂಟ್ ಯಾವಾಗ? ಮನೆಯೊಳಗೆ ಗಾಡಿ ನಿಲ್ಲುತ್ತಾ? ಊದಿನಕಡ್ಡಿ ದಿನಕ್ಕೆ ಎಷ್ಟು? ಮೈಸೂರಿನ ಮನೆಗೆ ಕೊನೆಯ ಪ್ರಶ್ನೆ ಸರಿಯಾಗಿಯೇ ಇತ್ತು. ಎರಡು ಹೊತ್ತು, ಹೊತ್ತಿಗೆ ಎರಡು ಅಂದೆ. ಸ್ಯಾಂಪಲಿನ ಹಿಂದಿನ ದಿನದಿಂದ ಹಚ್ಚಬೇಡಿ ಅಂದರು. ಹೆಂಡತಿ ದೇವರಿಗೆ ತುಪ್ಪದ ದೀಪ ಮಾತ್ರ ಹಚ್ಚಿ, "ಒಂದು ದಿನ ಸುಧಾರಿಸ್ಕೋಪ್ಪ" ಅಂತ ಕೈಮುಗಿದಳು.

ಪೆಟ್ಟಿಗೆ ಕೊರಿಯರಿನಲ್ಲಿ ಬಂತು. ಎರಡು ಪುಟ್ಟ ಪಂಪು, ಅವಕ್ಕೆ 15,000 ರೂಪಾಯಿ ಡೆಪಾಸಿಟ್. ಸ್ಟೀಲಿನ ಮೂರು ಟ್ಯೂಬು, ಎರಡೂ ತುದಿಗೆ ಹಿತ್ತಾಳೆಯ ತಿರುಪಿನ ಮುಚ್ಚಳ. ಬೆಳ್ಳಿಬಣ್ಣದ ಚೀಲದಲ್ಲಿ ಫಾರ್ಮಾಲ್ಡಿಹೈಡಿನ ಎರಡು ಕಾರ್ಟ್ರಿಜ್, ಐಸ್ ಜೆಲ್ ಜೊತೆ. ಒಂದು ಪೆನ್ಸಿಲ್. ಸೂಚನೆಯ ಹಾಳೆಯಲ್ಲಿ ದಪ್ಪಕ್ಷರದಲ್ಲಿ, ಮಾರ್ಕರ್ ಪೆನ್ ಹತ್ತಿರ ತರಬೇಡಿ ಅಂತ ಇತ್ತು. ಆ ಪೆನ್ಸಿಲ್ ನೋಡಿದ ಮೇಲೆ ನನಗೆ ಈ ಲ್ಯಾಬಿನ ಮೇಲೆ ಅರ್ಧ ನಂಬಿಕೆ ಬಂದುಬಿಟ್ಟಿತ್ತು.

ಫಾರ್ಮಾಲ್ಡಿಹೈಡ್ ಕಾರ್ಟ್ರಿಜ್ ಬಿಚ್ಚಿದಾಗ ಒಳಗಿನ ಹಳದಿ ಕಂಡು ನಗು ಬಂತು. ಡಿಎನ್‌ಪಿಎಚ್ ಬಳಿದ ಸಿಲಿಕಾ. ಬಿಎಸ್ಸಿ ಹುಡುಗರು ಆಲ್ಡಿಹೈಡ್, ಕೀಟೋನ್ ಕಂಡುಹಿಡಿಯೋಕೆ ಮಾಡ್ತಾರಲ್ಲ, ಹಾಕಿದ ಕೂಡಲೇ ಕಿತ್ತಳೆ ಬಣ್ಣದ ಗಸಿ ಬೀಳೋ ಡಿಎನ್‌ಪಿ ಟೆಸ್ಟ್, ಅದೇ ಮದ್ದು. ಎಷ್ಟು ವರ್ಷ ನನ್ನ ಬೆರಳ ತುದಿ ಅದರಿಂದ ಹಳದಿಯಾಗಿತ್ತು! ಇಲ್ಲಿ ಗಾಳಿಯ ಫಾರ್ಮಾಲ್ಡಿಹೈಡ್ ಅದರ ಜೊತೆ ಕೂಡಿಕೊಂಡು ಕೂತುಬಿಡುತ್ತೆ. ಲ್ಯಾಬಿನಲ್ಲಿ ಅದನ್ನು ತೊಳೆದು, ದ್ರಾವಣದಲ್ಲಿ ಬೆರೆತದ್ದನ್ನು ಬೇರ್ಪಡಿಸೋ ಎಚ್‌ಪಿಎಲ್‌ಸಿ ಅನ್ನೋ ಮೆಷಿನ್ನಿಗೆ ಹಾಕಿ ಅಳೆಯುತ್ತಾರೆ.

ಸ್ಟೀಲ್ ಟ್ಯೂಬಿನ ದಾರಿ ಬೇರೆ. ಒಳಗೆ ಟೆನಾಕ್ಸ್ ಅನ್ನೋ ಪುಡಿ. ಇದಕ್ಕೆ ದ್ರಾವಣ ಬೇಡ. ಟ್ಯೂಬನ್ನೇ ಕಾಯಿಸಿ, ಬಿಟ್ಟ ಆವಿಯನ್ನು ನೇರ ಮೆಷಿನ್ನಿಗೆ ಕಳಿಸುತ್ತಾರೆ. ಹಿಂದಿನ ಲ್ಯಾಬಿನವರು ಇಡೀ ಪಾತ್ರೆ ಸಾರಿನಲ್ಲಿ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡು ಉಪ್ಪು ಹೇಳಿದರು. ಇವರು ಪಾತ್ರೆಯನ್ನೇ ಎತ್ತಿ ಕುಡಿದು ಹೇಳುತ್ತಾರೆ. ಹಾಗಾಗಿ ನಾಲ್ಕೇ ಲೀಟರ್ ಗಾಳಿ ಸಾಕು. ತೊಂದರೆ ಏನೆಂದರೆ ಕುಡಿದ ಮೇಲೆ ಮುಗಿಯಿತು, ಮತ್ತೊಮ್ಮೆ ರುಚಿ ನೋಡೋಕೆ ಉಳಿಯೋದಿಲ್ಲ. ಅದಕ್ಕೇ ಒಂದೇ ಕಡೆ, ಒಂದೇ ಹೊತ್ತಿಗೆ ಎರಡು ಟ್ಯೂಬ್ ಇಡಿ ಅಂದರು. ಮೂರನೆಯದು ಟ್ರಿಪ್ ಬ್ಲಾಂಕ್, ಮುಚ್ಚಳ ಬಿಚ್ಚದೇ ಸುಮ್ನೆ ಜೊತೆಗೆ ಪ್ರಯಾಣ ಮಾಡಿ ವಾಪಸ್ ಬರಬೇಕಾದ್ದು. ನಾನು ಕದ್ದು ಮಾಡಿದ್ದನ್ನು ಇವರೇ ಕೇಳಿ ಮಾಡಿಸಿದರು.

ಹಿಂದಿನ ರಾತ್ರಿ 15 ನಿಮಿಷ ಕಿಟಕಿ ಬಾಗಿಲೆಲ್ಲ ತೆರೆದು, ಆಮೇಲೆ ಮುಚ್ಚಿ, ಎಂಟು ಗಂಟೆ ಯಾರೂ ಒಳಗೆ ಹೋಗಬಾರದು. ಹೋಗಲಿಲ್ಲ. ಬೆಳಿಗ್ಗೆ ಪಂಪು ಹಚ್ಚಿದೆ. ಏಪ್ರಿಲ್ ತಿಂಗಳು, ರೂಮಿನೊಳಗೆ 31 ಡಿಗ್ರಿ.

ಮಾರನೇ ದಿನ ಪಂಪು, ಟ್ಯೂಬು ಎಲ್ಲವನ್ನೂ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದೆ. ಕೊರಿಯರಿಗೆ ಕೊಡೋಕೆ ಮನಸ್ಸಾಗಲಿಲ್ಲ. ಮಂಡ್ಯದಲ್ಲಿ ಹತ್ತಿದ ಒಬ್ಬರು ಡಬ್ಬಿ ನೋಡಿ, "ಇನ್ಸುಲಿನ್ನಾ ಸಾರ್?" ಅಂದರು. ಗಾಳಿ ಅಂದೆ. ಅವರು ಆಮೇಲೆ ಮಾತಾಡಿಸಲಿಲ್ಲ. ಮದ್ದೂರಿನಲ್ಲಿ ವಡೆಯವರು ಹತ್ತಿದರು. ಬೋಗಿ ತುಂಬ ಎಣ್ಣೆ, ಈರುಳ್ಳಿ ಘಮ. ಎರಡು ತಿಂದೆ, ಡಬ್ಬಿ ಮುಚ್ಚಳದ ಮೇಲೆ ಮಾತ್ರ ಕೈ ಇಡಲಿಲ್ಲ.

ಲ್ಯಾಬಿನಲ್ಲಿ ನನ್ನನ್ನು ರಿಸೆಪ್ಷನ್‌ನಲ್ಲೇ ಕೂರಿಸಿ ಕಳಿಸಬಹುದಿತ್ತು. ನಾನು ಹಳೇ ಲ್ಯಾಬ್ ಅಟೆಂಡರ್ ಅಂದಿದ್ದಕ್ಕೆ ಒಳಗೆ ಕರೆದರು. ನನ್ನೆದುರೇ ಪಂಪಿನ ವೇಗವನ್ನು ಸೋಪಿನ ಗುಳ್ಳೆಯ ಮೀಟರಿನಲ್ಲಿ ನೋಡಿದರು. ಬ್ಯೂರೆಟ್ಟಿನಂಥ ಗಾಜಿನ ಕೊಳವೆ, ಅದರಲ್ಲಿ ಒಂದು ಗುಳ್ಳೆ ಮೆಲ್ಲಗೆ ಗೆರೆಯಿಂದ ಗೆರೆಗೆ ಏರುತ್ತೆ, ಸ್ಟಾಪ್‌ವಾಚ್ ಹಿಡಿದು ಲೆಕ್ಕ ಹಾಕೋದು. ಕಳಿಸುವಾಗ ನಿಮಿಷಕ್ಕೆ 51 ಮಿಲಿಲೀಟರ್ ಇತ್ತು, ಈಗ 49. ಎರಡರ ಸರಾಸರಿ ಹಿಡಿದರು. ಬಾಟಲಿಗಳ ಮೇಲೆಲ್ಲ ತಾರೀಕು, ತೆರೆದವರ ಸಹಿ. ಸಿಂಕಿನ ಪಕ್ಕ ಬೋರಲು ಹಾಕಿದ ಗಾಜಿನ ಸಾಮಾನು, ಒಂದರ ಮೇಲೂ ನೀರಿನ ಕಲೆ ಇಲ್ಲ. ಅದನ್ನು ತೊಳೆದ ಹುಡುಗನನ್ನು ಹುಡುಕಿ ಬೆನ್ನು ತಟ್ಟಿ ಬಂದೆ. ಆ ಕೆಲಸಕ್ಕೆ ಯಾರೂ ಬೆನ್ನು ತಟ್ಟಲ್ಲ, ನನಗೆ ಗೊತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ಬೈಗುಳವೂ ಇದೆ. ಹತ್ತು ದಿನ ಅಂದವರು ಹತ್ತೊಂಬತ್ತು ದಿನ ಮಾಡಿದರು. ಫೋನ್ ಎತ್ತಲ್ಲ. ಡೆಪಾಸಿಟ್ ವಾಪಸ್ ಬರೋಕೆ 22 ದಿನ. ರಿಪೋರ್ಟ್ 14 ಪುಟ, ಒಂದೇ ಒಂದು ಸಾಲಿನಲ್ಲಾದರೂ ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಇಲ್ಲ. ಕೇಳಿದರೆ, "ನಾವು ಅಭಿಪ್ರಾಯ ಕೊಡಲ್ಲ" ಅಂದರು. ಮತ್ತೆ ಬೆಲೆ. ಎಲ್ಲ ಸೇರಿ 28,910 ರೂಪಾಯಿ. ಅದರಲ್ಲಿ ಗಾಳಿ ತಗೊಳ್ಳದ ಟ್ಯೂಬು, ಕಾರ್ಟ್ರಿಜ್ಜಿಗೂ ಪೂರ್ತಿ ದರ. "ಖಾಲಿ ಡಬ್ಬಿಗೂ ದುಡ್ಡೇ?" ಅಂದಳು ಹೆಂಡತಿ. ಮಗನ ಮುಖವೂ ಹಾಗೇ ಇತ್ತು. ನನಗೆ ಮಾತ್ರ ಆ ದುಡ್ಡಿನ ಮೇಲೆ ಬೇಜಾರಿಲ್ಲ.

ಯಾಕೆಂದರೆ ಟ್ರಿಪ್ ಬ್ಲಾಂಕ್‌ನಲ್ಲಿ ಬೆಂಜೀನ್, ಘನ ಮೀಟರಿನ ಲೆಕ್ಕದಲ್ಲಿ, ಅರ್ಧ ಮೈಕ್ರೋಗ್ರಾಮಿಗಿಂತ ಕಡಿಮೆ. ಮದ್ದೂರು ವಡೆ ಒಳಗೆ ಹೋಗಿಲ್ಲ. ರೂಮಿನ ಎರಡು ಟ್ಯೂಬುಗಳಲ್ಲಿ ಬೆಂಜೀನ್ 3.9 ಮತ್ತು 4.3, ಟಾಲುಯೀನ್ 58 ಮತ್ತು 64. ಒಂದಕ್ಕೊಂದು ಹತ್ತಿರ ಇವೆ. ಹಾಗಾದರೆ ಬೆಂಜೀನ್ 38 ಅಂತ ಹೆದರಿಸಿದ್ದು ನಮ್ಮ ಸ್ಕೂಟರ್ ಅಲ್ಲ. ಫಾರ್ಮಾಲ್ಡಿಹೈಡ್ 148. ಅರ್ಧ ಗಂಟೆಯ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹಾಕಿದ ಮಿತಿ 100. ಮೂಗು ಸುಳ್ಳು ಹೇಳಿರಲಿಲ್ಲ.

ಪಟ್ಟಿಯ ಕೆಳಗೆ ಇನ್ನೊಂದು ಹೆಸರಿತ್ತು. ನ್ಯಾಫ್ತಲಿನ್, 22. ಇದೆಲ್ಲಿಂದ ಬಂತು? ನಾನು ಯಾರಿಗೂ ಹೇಳಿಲ್ಲ, ನನಗೇ ಗೊತ್ತಿಲ್ಲ. ಇವರದೂ ಏನೋ ಎಡವಟ್ಟು ಅಂದುಕೊಂಡೆ. ಊಟ ಬಡಿಸುತ್ತಿದ್ದ ಹೆಂಡತಿಯ ಹತ್ತಿರ ಸುಮ್ನೆ ಹೇಳಿದೆ. ಅವಳು ಸೌಟು ಹಿಡಿದು ಒಂದು ನಿಮಿಷ ನಿಂತಳು. "ನುಸಿಗುಳಿಗೆ ವಾಸನೆ ಅಂದ್ರೆ ಅದೇ ಅಲ್ವೇನ್ರೀ?" ಮೇಲಿನ ವಾರ್ಡ್‌ರೋಬಿನ ಅಟ್ಟದ ಖಾನೆಯಲ್ಲಿ, ಅವಳ ಎರಡು ಮೈಸೂರ್ ಸಿಲ್ಕ್ ಸೀರೆಯ ಮಡಿಕೆಯಲ್ಲಿ, ಹಳೇ ಕರ್ಚೀಫಿನಲ್ಲಿ ಗಂಟು ಕಟ್ಟಿದ ಆರು ಬಿಳಿ ಗುಳಿಗೆ. ಫಾರ್ಮಾಲ್ಡಿಹೈಡಿನ ಘಾಟಿನಲ್ಲಿ ನನ್ನ ಮೂಗಿಗೇ ಗೊತ್ತಾಗಿರಲಿಲ್ಲ. ನಾವು ಹೇಳದೇ ಇದ್ದದ್ದನ್ನು ಲ್ಯಾಬು ನಮಗೆ ಹೇಳಿತು. 28,910 ರೂಪಾಯಿ ಜಾಸ್ತಿಯೇ. ಆದರೆ ಕೊಟ್ಟಿದ್ದಕ್ಕೆ ಸಿಕ್ಕಿತು.

ಆಮೇಲೆ ಮಾಡಿದ್ದು ದೊಡ್ಡ ಕೆಲಸವೇನಲ್ಲ. ಗುಳಿಗೆ ಎಸೆದು ಸೀರೆಗೆ ಬೇವಿನ ಎಲೆ ಒಣಗಿಸಿ ಇಟ್ಟೆವು. ವಾರ್ಡ್‌ರೋಬಿನ ಒಳಗೆ, ಹಿಂದೆ, ಕಾರ್ಪೆಂಟರ್ ಲ್ಯಾಮಿನೇಟ್ ಹಾಕದೇ ಬಿಟ್ಟ ಅಂಚುಗಳೆಲ್ಲ ಹಾಗೇ ಬಾಯಿ ಬಿಟ್ಟಿದ್ದವು, ಆವಿ ಹೆಚ್ಚು ಬರೋದು ಅಲ್ಲಿಂದಲೇ. ಅವನನ್ನೇ ಕರೆದು ಎಡ್ಜ್ ಬ್ಯಾಂಡ್ ಹೊಡೆಸಿದೆ. ಹಗಲೆಲ್ಲ ಕಿಟಕಿ ತೆರೆದು ಬಾಗಿಲುಗಳನ್ನು ಹಾರು ಹೊಡೆದು ಬಿಟ್ಟೆ. ಜುಲೈನಲ್ಲಿ ಫಾರ್ಮಾಲ್ಡಿಹೈಡ್ ಒಂದನ್ನೇ ಮತ್ತೆ ಅದೇ ಲ್ಯಾಬಿಗೆ ಕೊಟ್ಟಾಗ 83 ಬಂತು. ಅಷ್ಟನ್ನೂ ನನ್ನ ಸಾಧನೆ ಅಂತ ಹೇಳಿಕೊಳ್ಳೋಕಾಗಲ್ಲ. ಜುಲೈನಲ್ಲಿ ರೂಮು 26 ಡಿಗ್ರಿ ಇತ್ತು. ಸೆಕೆ ಜಾಸ್ತಿಯಾದಷ್ಟೂ ಬೋರ್ಡು ಜಾಸ್ತಿ ಬಿಡುತ್ತೆ. ಬರುವ ಏಪ್ರಿಲ್‌ನಲ್ಲಿ ಇನ್ನೊಂದು ಸಲ ನೋಡಬೇಕು.

ಎರಡನೇ ಲ್ಯಾಬಿನ ಮ್ಯಾನೇಜರಿಗೆ ಕೊಟ್ಟ ಕಾಗದಕ್ಕೆ ಉತ್ತರ ಬರಲೇ ಇಲ್ಲ. ಹೋದ ವಾರ ಆ ಅನಲಿಸ್ಟ್ ಹುಡುಗಿ ಅವಳ ಸ್ವಂತ ಮೊಬೈಲಿಂದ ಫೋನ್ ಮಾಡಿದಳು. ಹಳೇ ಬಾಟಲಿಯ ಕಾರ್ಬನ್ ಡೈಸಲ್ಫೈಡನ್ನೇ ಮೆಷಿನ್ನಿಗೆ ಹಾಕಿ ನೋಡಿದಳಂತೆ, ಬೆಂಜೀನ್ ಬಂತಂತೆ. ಹೊಸ ಬಾಟಲಿ ತರಿಸಿದ್ದಾರೆ. "ಅಂಕಲ್, ಇನ್ನೆರಡು ಟ್ಯೂಬ್ ಕೊಡ್ತೀನಿ, ದುಡ್ಡು ಬೇಡ. ಒಂದರಲ್ಲಿ ಗಾಳಿ ತೆಗೀರಿ, ಇನ್ನೊಂದು ಖಾಲಿ ಇರ್ಲಿ. ಯಾವುದು ಯಾವುದು ಅಂತ ನಂಗೆ ಮಾತ್ರ ಹೇಳ್ಬೇಡಿ" ಅಂದಳು.

ಎರಡೂ ಟ್ಯೂಬು ಈಗ ನಮ್ಮ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕ ಇವೆ. ಸೋಮವಾರ ಕೊಟ್ಟು ಬರಬೇಕು.